ನಡುನೀರಿನಲ್ಲಿ ನಿಲ್ಲಿಸಿದ ಕಥೆ

ನಮ್ಮ ಆಟದಲ್ಲಿ ಹೊಳೆ ಬರುವುದು ಎರಡನೇ ಹಂತದ ಕೊನೆಗೆ. ಅಷ್ಟು ಹೊತ್ತಿಗೆ ಆಡುವವರು ಕುದುರೆ ಸವಾರರ ತಂಡಗಳನ್ನು ಒಂದರ ಹಿಂದೊಂದರಂತೆ ದೊಣ್ಣೆಯಿಂದ ಹೊಡೆದು ಉರುಳಿಸಿರುತ್ತಾರೆ. ಅಂಗೈ ಬೆವೆತಿರುತ್ತದೆ, ಹೆಬ್ಬೆರಳು ಗುಂಡಿಯ ಮೇಲೆ ಕುಣಿಯುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಅವರನ್ನು ತಡೆದು ಕಥೆ ಹೇಳಬೇಕು. ಹಸಿದವನ ಮುಂದೆ ಎಲೆ ಹಾಕಿ, ಅನ್ನ ಬಡಿಸದೆ ಪುರಾಣ ಶುರುಮಾಡಿದರೆ ಅವನೇನು ಮಾಡುತ್ತಾನೆ? ಎದ್ದು ಹೋಗುತ್ತಾನೆ. ಅವನು ಎದ್ದು ಹೋಗದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ.

ವಿಡಿಯೋ ಗೇಮ್ ಮಾಡುವ ನಮ್ಮ ಸ್ಟುಡಿಯೋ ಇರುವುದು ತಮಿಳುನಾಡಿನ ತೇನಿಯಲ್ಲಿ, ಪೆರಿಯಕುಳಂ ರಸ್ತೆಯ ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ಸ್ಟುಡಿಯೋ ನಡೆಸುವ ಯಜಮಾನರು, ಕೋಡ್ ಬರೆಯುವಾತ, ಚಿತ್ರ ಬಿಡಿಸುವಾಕೆ, ಮತ್ತೆ ನಾನು. ಕಥೆ ಎಲ್ಲಿ ಮಾತಾಡಬೇಕು, ಆಟ ಎಲ್ಲಿ ಓಡಬೇಕು ಎಂದು ಹೊಂದಿಸುವವಳು ನಾನು. ಈ ಆಟದ ಕಥೆ ನಮ್ಮ ಮನೆಯದೇ. ಕನ್ನಡ ನಾಡಿನಿಂದ ದನಗಳ ಹಿಂದೆ ನಡೆದು ಬಂದು ಕಂಬಂ ಕಣಿವೆಯಲ್ಲಿ ನೆಲೆ ನಿಂತ ಜನ ನಾವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈಗ ಬರೆಯುತ್ತಿರುವ ಈ ಪುಸ್ತಕದಂಥ ಕನ್ನಡವನ್ನು ನಾನು ದೊಡ್ಡವಳಾದ ಮೇಲೆ ಅಕ್ಷರ ತಿದ್ದಿ ಕಲಿತೆ. ಮನೆಯ ಕನ್ನಡ ಕಿವಿಗೆ ಪೂರ್ತಿ ಗೊತ್ತು, ನಾಲಗೆಗೆ ಅರ್ಧ ಗೊತ್ತು. ಬಾಯಿ ತೆರೆದರೆ ತಮಿಳೇ ಮುಂದೆ ಬಂದು ನಿಲ್ಲುತ್ತದೆ.

ಹೊಳೆ ದಾಟಿದ ಕಥೆಯನ್ನು ನಮ್ಮ ಮನೆತನದಲ್ಲಿ ಹೆಂಗಸರು ಹೇಳುತ್ತಾರೆ. ವರ್ಷಕ್ಕೊಮ್ಮೆ, ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ, ದೇವರ ದನಗಳ ದೊಡ್ಡಿಯ ಮುಂದೆ. ಈಗ ಹೇಳುವವಳು ಅಮ್ಮನ ಅಕ್ಕ, ನನ್ನ ದೊಡ್ಡವ್ವ. ಬೆನ್ನ ಹಿಂದೆ ಸವಾರರು, ಎದುರಿಗೆ ತುಂಬಿದ ಹೊಳೆ, ನಡುವೆ ದನ, ಮಕ್ಕಳು, ಬಸುರಿಯರು. ಮೊದಲು ನೀರು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಎದೆಗೆ. ಈ ಕಥೆಗೆ ಒಂದೇ ಒಂದು ಕಟ್ಟಳೆ. ಜನ ನೀರಿಗಿಳಿದ ಮೇಲೆ ಹೇಳುವವರು ನಿಲ್ಲಿಸಕೂಡದು. ನಿಲ್ಲಿಸಿದರೆ ಅವರು ಅಲ್ಲೇ, ನಡುನೀರಿನಲ್ಲೇ ನಿಂತುಬಿಡುತ್ತಾರೆ. ಯಾರು ಬಾಗಿಲು ಬಡಿಯಲಿ, ಮಗು ಅಳಲಿ, ದಡ ಹತ್ತಿಸಿಯೇ ಏಳಬೇಕು. ಇದು ನನಗೆ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಅನುಕೂಲ ನನಗಿಲ್ಲ.

ಧ್ವನಿಮುದ್ರಣಕ್ಕೆ ಕಂಬಮ್ಮಿಗೆ ಹೋದೆ. ದೊಡ್ಡವ್ವನ ಹಿಂದಿನ ಕೋಣೆಯಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಮಾರ್ದನಿ ಕೊಂದೆ, ಫ್ಯಾನ್ ನಿಲ್ಲಿಸಿದೆ, ಪಕ್ಕದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಮೋಟಾರು ಸುಮ್ಮನಾಗುವ ತನಕ ಕಾದೆ. ದೊಡ್ಡವ್ವನಿಗೆ ಹೂಂಗುಟ್ಟುವವರು ಬೇಕು. ಎದುರಿಗಿದ್ದವರು ‘ಹೂಂ’ ಅನ್ನದಿದ್ದರೆ ಅವಳ ಬಾಯಿಂದ ಮುಂದಿನ ಮಾತು ಬರುವುದಿಲ್ಲ. ತಲೆಯಾಡಿಸುತ್ತೇನೆ, ಸಾಕು ಅಂದೆ.

“ಓಣಾನ್ ಹಂಗೆ ತಲೆ ಆಡ್ಸಿದ್ರೆ ಯಾರಿಗೆ ಹೇಳಾದು?” ಅಂದಳು. ಓಣಾನ್ ಅಂದರೆ ಓತಿಕ್ಯಾತ. ಸರಿ, ಹೂಂ ಅಂದೆ. ಆಮೇಲೆ ಆಫೀಸಿನಲ್ಲಿ ಕೂತು ನನ್ನ ಹೂಂಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಎಸೆದೆ.

ಕಥೆ ಎದೆಮಟ್ಟದ ನೀರಿಗೆ ಬಂದಾಗ ನಾನು ಕೈ ಎತ್ತಿ ಮೈಕ್ ನಿಲ್ಲಿಸಿದೆ. ಆಟವನ್ನು ಮಾರುಕಟ್ಟೆಗೆ ತರುವ ಚೆನ್ನೈನ ಪ್ರಕಾಶಕರಿಗೆ ತೋರಿಸುವ ಮಾದರಿ ತುಣುಕು, ಡೆಮೊ, ಅಲ್ಲಿಗೇ ಮುಗಿಯುತ್ತಿತ್ತು. ನಡುಹೊಳೆಯಲ್ಲಿ ತೆರೆ ಕಪ್ಪಾದರೆ ಮುಂದೇನಾಯಿತೋ ಎಂದು ಜನ ಒದ್ದಾಡುತ್ತಾರೆ, ಆಟ ಕೊಳ್ಳುತ್ತಾರೆ. ಈ ಜಾಣತನ ಯಜಮಾನರದಲ್ಲ, ನನ್ನದು.

“ದೊಡ್ಡವ್ವ, ಇವಾಗ ಇಷ್ಟು ಪೋದುಂ. ಬಾಕಿದು ಅಪ್ಪುರಂ,” ಅಂದೆ. ಇಷ್ಟು ಸಾಕು, ಉಳಿದದ್ದು ಆಮೇಲೆ.

“ಏ ತಾಯಿ, ಅವ್ರ್ನ ನೀರಾಗೆ ನಿಲ್ಸಿ ಅಪ್ಪುರಂ ಅಂತೀಯಲ್ಲ! ದಡ ಹತ್ತಿಸ್ಬುಡ್ತೀನಿ ಇರು.”

“ನಿನ್ನ ಗಂಟ್ಲು ಕಟ್ಟ್ಯದೆ ದೊಡ್ಡವ್ವ. ಬಸ್ಸಿಗೆ ಬೇರೆ ನೇರ ಆಯ್ತು.” ನೇರ ಅಂದರೆ ಹೊತ್ತು.

ಅವಳು ಗೋಡೆಯ ಕಡೆ ತಿರುಗಿ ಕೂತಳು. ತುಟಿ ಆಡುತ್ತಿತ್ತು. ಉಳಿದ ಕಥೆಯನ್ನು ಹಾಸಿಗೆಗೆ ಹೇಳುತ್ತಿದ್ದಳು. ನಾನು ವೈರು ಸುತ್ತುತ್ತಾ ಇದ್ದೆ. ಮೈಕಿನ ಗುಂಡಿ ಮತ್ತೆ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಒತ್ತಲಿಲ್ಲ.

ತಂದ ಧ್ವನಿಯನ್ನು ಮೊದಲು ಕಟ್‌ಸೀನ್ ಮಾಡಿದೆವು. ಅಂದರೆ ಆಟ ನಿಂತು, ಚಿತ್ರ ತಾನಾಗಿ ಓಡಿ, ಕೆಳಗೆ ತಮಿಳಿನಲ್ಲಿ ಅರ್ಥ ಮೂಡುತ್ತಾ ಕಥೆ ಕೇಳಿಸುವ ಭಾಗ. ಬೇಡವಾದವರಿಗೆ ದಾಟಿಸಿಬಿಡಲು ಸ್ಕಿಪ್ ಗುಂಡಿ ಇತ್ತು. ಆಮೇಲೆ ಹೊಳೆಯಲ್ಲಿ ಆಟ: ಬಾಣಗಳನ್ನು ತಪ್ಪಿಸಿಕೊಳ್ಳುತ್ತಾ, ದನಗಳನ್ನು ಸೆಳವಿಗೆ ಬಿಡದೆ ಮುಂದಕ್ಕೆ ಅಟ್ಟಬೇಕು, ಅಲ್ಲೂ ಸಾಲು ಸಾಲಾಗಿ ದೊಡ್ಡವ್ವನ ಮಾತು. ಸತ್ತರೆ ಮತ್ತೆ ಮೊಣಕಾಲು ನೀರಿನಿಂದ. ಅಲ್ಲಿಂದಲೇ ಎಬ್ಬಿಸಬೇಕೆಂದು ಗುರುತು ಹಾಕಿದವಳೂ ನಾನೇ. ನನ್ನ ಕುರ್ಚಿಯಲ್ಲಿ ಕೂತು ನಾನೇ ಆಡಿ ನೋಡಿದಾಗ ಬಹಳ ಚೆನ್ನಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು.

ಹೊರಗಿನವರ ಕೈಗೆ ಕೊಟ್ಟು ಪರೀಕ್ಷಿಸುವ ದಿನ ಬಂತು. ಚಿನ್ನಾಳಪಟ್ಟಿ ಹತ್ತಿರದ ಒಂದು ಕಾಲೇಜಿನವರು ಲ್ಯಾಬ್ ಬಿಟ್ಟುಕೊಟ್ಟರು. ದೊಡ್ಡವ್ವನನ್ನೂ ಕರೆದುಕೊಂಡು ಬನ್ನಿ, ತಮ್ಮ ಧ್ವನಿ ತಾವೇ ಕೇಳಲಿ ಎಂದರು ಯಜಮಾನರು. ಅವಳು ಗಂಜಿ ಹಾಕಿದ ಚಿನ್ನಾಳಪಟ್ಟಿ ಸೀರೆ ಉಟ್ಟು, ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿ ತಯಾರಾಗಿದ್ದಳು. “ಅವ್ರ ಊರಿಗೆ ಅವ್ರ ಸೀಲೆನೇ ಉಟ್ಟೋದ್ರೆ ಮರ್ವಾದೆ,” ಅಂದಳು. ದಾರಿಯುದ್ದಕ್ಕೂ ಖುಷಿಯಾಗಿದ್ದಳು.

ಇಂಥ ಪರೀಕ್ಷೆಯಲ್ಲಿ ನಾವು ಬಾಯಿ ಬಿಡಬಾರದು. ಹಿಂದೆ ನಿಂತು ಎಲ್ಲಿ ತಡವರಿಸಿದರು, ಎಲ್ಲಿ ಬೇಸರಪಟ್ಟರು ಎಂದು ನೋಡಬೇಕು, ಅಷ್ಟೆ. ಸುಳಿವು ಕೊಟ್ಟರೆ ಪರೀಕ್ಷೆ ಕೆಟ್ಟಿತು. ಇಯರ್‌ಫೋನುಗಳು ಸಾಲದೆ ಎಲ್ಲ ಯಂತ್ರಗಳ ಸ್ಪೀಕರ್ ತೆರೆದಿಟ್ಟಿದ್ದೆವು.

ಮೊದಲ ಹುಡುಗ ಹೊಳೆಗೆ ಬಂದ. “ನೀರು ಮೊಣಕಾಲ್ಗೆ ಬಂತು...” ಎಂದು ದೊಡ್ಡವ್ವನ ಧ್ವನಿ ಶುರುವಾಯಿತು. ಅವನು ಸ್ಕಿಪ್ ಒತ್ತಿದ. ಧ್ವನಿ ಕತ್ತರಿಸಿಹೋಯಿತು. ಪಕ್ಕದವಳು ಸೊಂಟದ ತನಕ ಕೇಳಿ ಒತ್ತಿದಳು. ಇನ್ನೊಬ್ಬ ಬಾಣ ತಗುಲಿ ಸತ್ತ, ಮತ್ತೆ ಮೊಣಕಾಲು, ಮತ್ತೆ ಸತ್ತ, ಮತ್ತೆ ಮೊಣಕಾಲು. ಎದೆಮಟ್ಟಕ್ಕೆ ಮುಟ್ಟಿದವನ ತೆರೆ ಕಪ್ಪಾಗಿ ‘ಮುಂದೆ ನೋಡಿ’ ಅಂದಿತು. ಕೋಣೆಯ ತುಂಬ ಒಬ್ಬಳೇ ಮುದುಕಿಯ ದನಿ, ಎಲ್ಲ ಮೂಲೆಯಲ್ಲೂ ಅರ್ಧಕ್ಕೆ ನಿಲ್ಲುತ್ತಿತ್ತು.

ದೊಡ್ಡವ್ವ ಮೊದಲು ಕೂತಲ್ಲೇ ತುಟಿ ಆಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ನೋಡಿದರೂ ನೋಡದ ಹಾಗೆ ಇದ್ದೆ. ಆಗ ಎದ್ದಳು. ಕಪ್ಪಾದ ತೆರೆಯ ಮುಂದೆ ಹೋಗಿ, ಆ ಹುಡುಗನ ಕುರ್ಚಿಯ ಬೆನ್ನು ಹಿಡಿದುಕೊಂಡು, ಎದೆಮಟ್ಟದಿಂದ ಮುಂದಕ್ಕೆ ಜೋರಾಗಿ ಹೇಳತೊಡಗಿದಳು. ಕನ್ನಡದಲ್ಲಿ. ಅಲ್ಲಿ ಒಬ್ಬರಿಗೂ ಅರ್ಥವಾಗದ ನಮ್ಮ ಮನೆಯ ಕನ್ನಡದಲ್ಲಿ. ಅವನನ್ನು ದಡ ಹತ್ತಿಸಿ ಪಕ್ಕದ ಯಂತ್ರಕ್ಕೆ ಹೋದಳು. ಅಲ್ಲಿ ಸೊಂಟದಿಂದ ಶುರು.

ಹುಡುಗರು ಆಟ ಬಿಟ್ಟು ತಿರುಗಿದರು. ಯಾರೋ ಕಿಸಕ್ಕೆಂದರು. ಒಬ್ಬಳು ಫೋನು ಎತ್ತಿದಳು. ಯಜಮಾನರು ನನ್ನತ್ತ ಹುಬ್ಬೇರಿಸಿದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಾನು ಅವಳ ಹತ್ತಿರ ಹೋಗಿ, “ಅಮ್ಮಾ, ಉಕ್ಕಾರುಂಗ,” ಅಂದೆ. ಕೂತ್ಕೊಳ್ಳಿ ಅಮ್ಮಾ. ತಮಿಳಿನಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಹೇಳುವ ಹಾಗೆ. ದೊಡ್ಡವ್ವ ಎಂಬ ಶಬ್ದ ಬಾಯಿಗೆ ಬರದ ಹಾಗೆ ನೋಡಿಕೊಂಡೆ.

“ಯಾರುಕ್ಕಾ ಇವಂಗ?” ಎಂದು ಒಬ್ಬ ಕೇಳಿದ. ಯಾರಕ್ಕಾ ಇವರು?

“ವಾಯ್ಸ್ ಕುಡುತ್ತವಂಗ,” ಅಂದೆ. ಧ್ವನಿ ಕೊಟ್ಟವರು.

ದೊಡ್ಡವ್ವನಿಗೆ ನನಗಿಂತ ಚೆನ್ನಾಗಿ ತಮಿಳು ಬರುತ್ತದೆ. ಅವಳು ನನ್ನ ಕಡೆ ತಿರುಗಲಿಲ್ಲ. ನಡುನೀರಿನಲ್ಲಿ ಜನ ಇದ್ದರಲ್ಲ, ತಿರುಗುವ ಹಾಗಿರಲಿಲ್ಲ. ಕೊನೆಯ ಯಂತ್ರದವನನ್ನೂ ದಡ ಹತ್ತಿಸಿ, ಬಂದು ತನ್ನ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಸೆರಗಿನ ಗಂಜಿ ಇನ್ನೂ ಮುರಿದಿರಲಿಲ್ಲ. ಆಗ ನನ್ನ ನಾಚಿಕೆ ಅವಳನ್ನು ಬಿಟ್ಟು ನನ್ನ ಕಡೆಗೇ ತಿರುಗಿತು. ಇವತ್ತಿಗೂ ಅದು ಹಾಗೇ ಇದೆ.

ವಾಪಸು ಬರುವಾಗ ವತ್ತಲಗುಂಡಿನಲ್ಲಿ ಟೀ ಕುಡಿಯಲು ಕಾರು ನಿಲ್ಲಿಸಿದರು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. “ಮಧ್ಯಾನ ಏನೂ ಉಣ್ಣಲಿಲ್ಲ ನೀನು. ಒಂದು ವಡೆ ತಿನ್ನು,” ಅಂದಳು.

ಮಾರನೆಯ ದಿನ ಯಜಮಾನರು ನೇರವಾಗಿ ಹೇಳಿದರು. ಹೆಚ್ಚುಕಡಿಮೆ ಎಲ್ಲರೂ ಕಥೆಯನ್ನು ದಾಟಿಸಿದ್ದಾರೆ. ಹೊಳೆಯಲ್ಲಿ ಆಟ ಚೆನ್ನಾಗಿದೆ, ಮಾತು ಅಡ್ಡ ಬರುತ್ತಿದೆ. ಧ್ವನಿ ತೆಗೆದುಬಿಡೋಣ, ಶುರುವಿನಲ್ಲಿ ಎರಡು ಸಾಲು ಅಕ್ಷರ ತೋರಿಸಿದರೆ ಆಯಿತು. ನಾನು ಬೇಡ ಎಂದೆ. ಯಾಕೆ ಎಂದು ಕೇಳಿದರು. ಅವಳ ದನಿಯನ್ನು ಈಗ ತೆಗೆದರೆ, ಆ ಲ್ಯಾಬಿನಲ್ಲಿ ಅವಳು ಹುಚ್ಚಿಯ ಹಾಗೆ ನಿಂತದ್ದು ಮಾತ್ರ ಉಳಿಯುತ್ತದೆ. ಅದನ್ನು ಹೇಳಲಾರದೆ, ಸ್ವಲ್ಪ ಸಮಯ ಕೊಡಿ, ಇನ್ನೊಂದು ಪರೀಕ್ಷೆಯಲ್ಲೂ ಸೋತರೆ ನಾನೇ ತೆಗೆಯುತ್ತೇನೆ ಅಂದೆ.

ಕೋಡ್ ಬರೆಯುವಾತನ ಜೊತೆ ಕೂತು ಹೊಳೆಯನ್ನು ಬಿಚ್ಚಿದೆವು. ಮೊದಲು ಕಟ್‌ಸೀನ್ ಕಿತ್ತೆವು. ಕಥೆ ಕೇಳುವುದಕ್ಕೆ ಆಟ ನಿಲ್ಲುವುದು ಬೇಡ, ನೀರಿಗಿಳಿದ ಕ್ಷಣ ದನಿ ಶುರುವಾಗಲಿ, ದಡ ಹತ್ತುವ ತನಕ ನಿಲ್ಲದಿರಲಿ. ಬಾಣದ ಸದ್ದು, ನೀರಿನ ಸದ್ದು ದನಿ ಬಂದ ಕಡೆ ತಾವೇ ತಗ್ಗಬೇಕು. ಮಾತಿನ ಎರಡು ಸಾಲುಗಳ ನಡುವೆ ಮಾತ್ರ ಸವಾರರು ಬಾಣ ಬಿಡಬೇಕು. ಇಷ್ಟಕ್ಕೆ ಆತ ಒಪ್ಪಿದ. ಜಗಳ ಬಂದದ್ದು ಸಾವಿನ ಹತ್ತಿರ.

“ಸತ್ತರೆ ಕಥೆ ಹಿಂದಕ್ಕೆ ಹೋಗಬಾರದು,” ಅಂದೆ.

“ಹೋಗದೆ? ಆಟಗಾರ ಹಿಂದಕ್ಕೆ ಹೋಗ್ತಾನಲ್ಲ,” ಅಂದ.

“ಅವನೂ ಹೋಗಬಾರದು. ಕಥೆ ಎಲ್ಲಿಗೆ ಮುಟ್ಟಿದೆಯೋ ಅಲ್ಲೇ ಎದ್ದೇಳಲಿ.”

“ಹಾಗಾದರೆ ಸಾಯೋದೇ ಲಾಭ. ಕೈ ಕಟ್ಟಿ ನಿಂತವನನ್ನ ಕಥೆಯೇ ಹೊತ್ತುಕೊಂಡು ದಾಟಿಸುತ್ತೆ. ಅದು ಆಟವಾ?”

ಅವನು ಹೇಳಿದ್ದು ನಿಜ. ಎಷ್ಟೋ ಸಲ ಕಟ್ಟಿ ಕೆಡವಿದೆವು. ಕೊನೆಗೆ ನಿಂತದ್ದು ಹೀಗೆ: ಸತ್ತವನು ಏಳುವುದು ಹಿಂಡಿನ ಬಾಲದಲ್ಲಿ, ಸೆಳವು ಜೋರಾಗಿರುವ ಕಡೆ, ಕಟ್ಟಕಡೆಯ ಹಸುವಿನ ಬಾಲ ಹಿಡಿದುಕೊಂಡು. ಅಲ್ಲಿಂದ ಮುಂದಕ್ಕೆ ಈಜಿ ಕಥೆಯನ್ನು ಹಿಡಿಯಬೇಕು. ಸಾವು ಕಷ್ಟವಾಯಿತು, ಆದರೆ ಕಥೆ ನಿಲ್ಲಲಿಲ್ಲ. ಸ್ಕಿಪ್ ಒತ್ತಿದವರನ್ನು ನೇರ ದಡಕ್ಕೆ ಹಾಕಿದೆವು. ಡೆಮೊ ದಡದ ಮೇಲೇ ಮುಗಿಯಬೇಕು ಅಂದೆ. ಮುಂದೇನು ಎಂಬ ಕುತೂಹಲ ಹೋಯಿತಲ್ಲ ಎಂದು ಯಜಮಾನರು ಗೊಣಗಿದರು. ಹೋಗಲಿ ಅಂದೆ.

ಆದರೆ ದಡ ಹತ್ತುವ ಭಾಗದ ದನಿ ನಮ್ಮ ಹತ್ತಿರ ಇರಲೇ ಇಲ್ಲ. ಮೈಕ್ ಹೊತ್ತು ಮತ್ತೆ ಕಂಬಂ ಬಸ್ಸು ಹತ್ತಿದೆ.

ದೊಡ್ಡವ್ವ ಮೊಚ್ಚೆ ಅವರೆ ಸುಲಿಯುತ್ತಾ ಕೂತಿದ್ದಳು. ಬಂದ ಕೆಲಸ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ನಾ ದಾಟ್ಸಿ ಆಯ್ತಲ್ಲ. ಆ ರೂಮಾಗೆ ಅಷ್ಟು ಜನಕ್ಕೂ ದಾಟ್ಸ್ದೆ. ದಡ ಹತ್ತಿದೋರ್ನ ತಿರುಗ ನೀರ್ಗೆ ಇಳಿಸ್ತಾರಾ? ಇನ್ನು ಪೊಂಗಲ್‌ಗೇ.”

ಪೊಂಗಲ್‌ಗೆ ಇನ್ನೂ ಬಹಳ ದಿನವಿತ್ತು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅದು ಸಿಟ್ಟೋ ಕಟ್ಟಳೆಯೋ ನನಗೆ ಇವತ್ತಿಗೂ ತಿಳಿಯದು. ಕೊನೆಗೆ ಮೊರ ಬದಿಗಿಟ್ಟು ಅಂದಳು:

“ಅವ್ರ್ನ ನೀರಾಗೆ ನಿಲ್ಸಿದೋಳು ನೀನು. ನೀನೇ ಹೇಳು. ನಾ ಹೂಂ ಅಂತೀನಿ.”

ಹಾಸಿಗೆಗಳನ್ನು ಒರಗಿಸಿದೆ. ಫ್ಯಾನ್ ನಿಲ್ಲಿಸಿದೆ. ಮೈಕನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಎದೆಮಟ್ಟದ ನೀರಿನಿಂದ ಶುರುಮಾಡಿದೆ. ಸೆಳವಿಗೆ ಏನೆನ್ನುತ್ತಾರೆ ಎಂದು ಮರೆತು ತಮಿಳಿನ ಶಬ್ದ ಹಾಕಿದೆ. ಹಿಂಡಿನ ಮುಂದೆ ನಡೆಯುವ ಹಸುವಿನ ಹೆಸರನ್ನು ತಪ್ಪು ಹೇಳಿದೆ. ದೊಡ್ಡವ್ವ ತಿದ್ದಲಿಲ್ಲ, ಹೇಳಿಕೊಡಲಿಲ್ಲ, ಒಂದೊಂದು ಮಾತಿಗೂ ಹೂಂ, ಹೂಂ ಅನ್ನುತ್ತಾ ಇದ್ದಳು. ಅಂತೂ ಇಂತೂ ಜನ ದಡ ಹತ್ತಿದರು, ದನ ಮೈ ಕೊಡವಿಕೊಂಡವು. ಮೈಕ್ ನಿಲ್ಲಿಸಿ ಉಸಿರು ಬಿಟ್ಟೆ.

“ದಾಟ್ಸಿದೆ,” ಅಂದಳು ದೊಡ್ಡವ್ವ. “ಎಲ್ಡು ಕರ ಬಿಟ್ಬುಟ್ಟೆ.”

ದಾರಿಯಲ್ಲಿ ಹುಟ್ಟಿದ ಎರಡು ಎಳೆಗರುಗಳು. ಜನ ಎದೆಮಟ್ಟದ ನೀರಿನಲ್ಲಿರುವಾಗ, ಹಿಂದಿನ ದಡದಲ್ಲೇ ಉಳಿದ ಅವುಗಳ ಕೂಗು ಕೇಳಿ ಒಬ್ಬ ಹೆಂಗಸು ಹಿಂದಕ್ಕೆ ಹೋಗುತ್ತಾಳೆ, ಎರಡನ್ನೂ ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಕೊನೆಗೆ ದಡ ಮುಟ್ಟುತ್ತಾಳೆ. ಚಿಕ್ಕವಳಿದ್ದಾಗ ನಾನು ಕಾಯುತ್ತಿದ್ದದ್ದೇ ಆ ಜಾಗಕ್ಕೆ. ಅದನ್ನೇ ಮರೆತಿದ್ದೆ. ಆ ಒಂದು ಸಾಲು ಬೇರೆಯಾಗಿ ಹೇಳಿ ನಡುವೆ ಅಂಟಿಸುತ್ತೇನೆ ದೊಡ್ಡವ್ವ, ಕಂಪ್ಯೂಟರಿನಲ್ಲಿ ಗೊತ್ತೇ ಆಗುವುದಿಲ್ಲ ಅಂದೆ.

“ಕಂಪ್ಯೂಟರ್‌ಗೆ ಗೊತ್ತಾಗಾದಿಲ್ಲ,” ಅಂದಳು, ಮತ್ತೆ ಮೊರ ತೆಗೆದುಕೊಂಡಳು.

ತೇನಿಗೆ ಬಂದು ನನ್ನ ದನಿಯನ್ನು ಅವಳ ದನಿಗೆ ಜೋಡಿಸಿದೆವು. ಎದೆಮಟ್ಟದ ತನಕ ಮುದುಕಿ, ಅಲ್ಲಿಂದ ತಡವರಿಸುವ ಇನ್ನೊಬ್ಬಳು. ಆಡಿ ನೋಡಿದಾಗ ಎಲ್ಲ ದನ ದಾಟಿದವು, ಎರಡು ಕರು ಮಾತ್ರ ಹಿಂದಿನ ದಡದಲ್ಲಿ ನಿಂತು ಕೂಗತೊಡಗಿದವು. ಕೋಡ್ ಬರೆಯುವಾತ ಬೈದುಕೊಂಡ. ಮೊದಲಲ್ಲೇ ನಾನು ಬರೆದುಕೊಟ್ಟಿದ್ದ ಕಥೆ ನೋಡಿ, ಕರುಗಳು ಹೆಗಲೇರುವುದನ್ನು ಅವನು ಆ ಸಾಲಿಗೆ ಕಟ್ಟಿದ್ದ. ದನಿಯಲ್ಲಿ ಆ ಸಾಲು ಬಂದರೆ ಕರುಗಳು ಬರುತ್ತವೆ. ಸಾಲೇ ಇಲ್ಲವಲ್ಲ. “ಬೇರೆ ಸಾಲಿಗೆ ಕಟ್ಟಿಬಿಡ್ತೀನಿ, ಟೀ ಕುಡಿಯೋದ್ರೊಳಗೆ ಆಗುತ್ತೆ,” ಅಂದ.

“ಕಟ್ಟಬೇಡ,” ಅಂದೆ.

“ಬಗ್ ಅಂತಾರೆ.”

“ಅನ್ನಲಿ. ಕರುಗಳು ಅಲ್ಲೇ ಇರಲಿ. ದಡ ಹತ್ತಿದವರು ಬೇಕಾದರೆ ವಾಪಸು ಇಳಿದು ಹೋಗಿ ತರುವ ಹಾಗೆ ಮಾಡು. ಯಾವ ಸೂಚನೆಯೂ ಬೇಡ, ದಾರಿ ತೋರಿಸುವ ಬಾಣದ ಗುರುತು ಬೇಡ, ಬಹುಮಾನ ಬೇಡ. ಕೂಗು ಮಾತ್ರ ಕೇಳಲಿ.”

ಆತ ನನ್ನ ಮುಖ ನೋಡಿದ. ನಾನೇನೋ ದೊಡ್ಡ ಯೋಚನೆ ಮಾಡಿದ್ದೇನೆ ಅಂದುಕೊಂಡಿರಬೇಕು. ನನಗಿದ್ದದ್ದು ಇಷ್ಟೇ: ಅಂಟಿಸಿ ಮುಚ್ಚಿಬಿಟ್ಟರೆ ದೊಡ್ಡವ್ವನ ಎದುರು ಕೂರಲು ನನ್ನಿಂದಾಗುವುದಿಲ್ಲ.

ಅದೇ ಲ್ಯಾಬಿಗೆ ಮತ್ತೆ ಹೋದೆವು. ದೊಡ್ಡವ್ವ ಬರಲಿಲ್ಲ, ನನಗೂ ಕರೆಯುವ ಮುಖವಿರಲಿಲ್ಲ. ಈ ಸಲ ಸ್ಕಿಪ್ ಒತ್ತಿದವರು ಕೆಲವರೇ. ದನಿ ಬದಲಾದಾಗ ಒಬ್ಬಿಬ್ಬರು ಮುಖ ಕಿವುಚಿದರು. ಒಬ್ಬಳು ದಡ ಹತ್ತಿದಳು, ಕಂಟ್ರೋಲರ್ ಮೇಜಿನ ಮೇಲಿಟ್ಟು ಕೈ ಕೊಡವಿಕೊಂಡಳು. ಆಚೆ ದಡದಿಂದ ಕರುಗಳು ಕೂಗುತ್ತಿದ್ದವು. ಅವಳು ಸುತ್ತಮುತ್ತ ಸೂಚನೆ ಹುಡುಕಿದಳು. ಇಲ್ಲ. ಪಕ್ಕದವನು, ಮುಗೀತು ಬಾ, ಅಂದ. ಅವಳು ಇನ್ನೊಂದು ಕ್ಷಣ ಕೇಳಿಸಿಕೊಂಡು, ತಮಿಳಿನಲ್ಲಿ ನಮ್ಮ ಆಟಕ್ಕೊಂದು ಬೈಗುಳ ಬೈದು, ಕಂಟ್ರೋಲರ್ ಎತ್ತಿಕೊಂಡು ಮತ್ತೆ ನೀರಿಗೆ ಹಾರಿದಳು. ಎರಡು ಸಲ ಸತ್ತಳು. ಕರುಗಳನ್ನು ಹೆಗಲ ಮೇಲೆ ಹೊತ್ತು ತಂದಾಗ ಅವಳ ಹಿಂದೆ ಅರ್ಧ ಲ್ಯಾಬು ನಿಂತಿತ್ತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕರುಗಳಿಗಾಗಿ ವಾಪಸು ನೀರಿಗಿಳಿದರು.

“ಅಕ್ಕಾ, ಕರು ವಿಷಯ ಸೂಪರ್,” ಅಂದಳು ಆ ಹುಡುಗಿ. “ಯಾರ ಐಡಿಯಾ?”

“ಇವರದೇ,” ಎಂದು ಯಜಮಾನರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ.

ಮರೆತದ್ದು ಅಂತ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಚೆನ್ನೈನವರಿಗೂ ಆ ಜಾಗವೇ ಹಿಡಿಸಿತು. ಕಥೆ ಮತ್ತು ಆಟ ಒಂದಾಗಿಬಿಟ್ಟ ಜಾಗ ಎಂದು ಹೊಗಳಿ, ಇದನ್ನು ಹೇಗೆ ಯೋಚಿಸಿದಿರಿ ಎಂದು ಕೇಳಿದರು. ಲಯ, ಒತ್ತಡ, ಬಿಡುವು ಎಂದು ಏನೇನೋ ಹೇಳಿದೆ. ಎಲ್ಲರೂ ಬರೆದುಕೊಂಡರು. ಅವರು ಬರೆದುಕೊಳ್ಳುವಾಗ ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಆ ಭಾನುವಾರ ಕಂಬಮ್ಮಿಗೆ ಹೋದೆ. ದೊಡ್ಡವ್ವ ಅನ್ನ ಬಡಿಸಿದಳು. ಧ್ವನಿ ಉಳಿಯಿತು, ಯಾರೂ ತೆಗೆಯುವುದಿಲ್ಲ ಅಂದೆ. ಹೂಂ ಅಂದಳು. ಹುಡುಗರೆಲ್ಲ ತಾವಾಗಿಯೇ ನೀರಿಗಿಳಿದು ಹೋಗಿ ಕರುಗಳನ್ನು ತಂದರು ದೊಡ್ಡವ್ವ, ಒಬ್ಬರೂ ಬಿಡಲಿಲ್ಲ ಅಂದೆ. ಅವಳಿಗೆ ಸಂತೋಷವಾಗಲಿ ಎಂದೇ ಹೇಳಿದ್ದು.

ಅವಳು ಸಾರಿನ ಸೌಟನ್ನು ಪಾತ್ರೆಯೊಳಗಿಟ್ಟು ನನ್ನ ಎದುರಿಗೆ ಕೂತಳು.

“ಅವ್ರು ತಂದ್ರು, ಸರಿ,” ಅಂದಳು. “ಬಿಟ್ಟೋಳು ನೀನಲ್ವಾ?”